ಮಣ್ಣಿನೊಳಗಿನ ಬೆರಳು

ಮಣ್ಣು ಮತ್ತೆ ಒದ್ದೆಯಾಗಿತ್ತು. ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದವನಂತೆ ನೇರವಾಗಿ ಬಾಲ್ಕನಿಗೆ ಹೋಗಿ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತವನಿಗೆ ಅದು ಮುಟ್ಟದೆಯೇ ಗೊತ್ತಾಯಿತು. ಒಣಗಿದ ಮಣ್ಣಿನ ಬಣ್ಣವೇ ಬೇರೆ, ಒದ್ದೆ ಮಣ್ಣಿನ ಬಣ್ಣವೇ ಬೇರೆ. ಹಗಲಿಡೀ ಹಲ್ಲಿನ ಲ್ಯಾಬಿನಲ್ಲಿ ಕೂತು ಪ್ಲಾಸ್ಟರ್ ಕಲಸಿ ಅಚ್ಚು ಹೊಯ್ಯುವವನ ಕಣ್ಣಿಗೆ ಅಷ್ಟು ತಿಳಿಯದಿದ್ದರೆ ಹೇಗೆ? ಬೆಳಿಗ್ಗೆ ತಾನು ನೀರು ಹಾಕಿರಲಿಲ್ಲ. ಹಾಕಿರಲಿಲ್ಲವೆ? ಇಲ್ಲ, ಖಂಡಿತ ಇಲ್ಲ. ಮುಟ್ಟಿ ನೋಡಿ, ಇನ್ನೂ ಒಂದು ದಿನ ತಡೆಯುತ್ತದೆ ಅಂದುಕೊಂಡು, ಕೈ ಪ್ಯಾಂಟಿಗೆ ಒರೆಸಿಕೊಂಡು ಹೋಗಿದ್ದು ಚೆನ್ನಾಗಿ ನೆನಪಿತ್ತು. ಹಾಗಾದರೆ ಬೀಗ ಹಾಕಿದ ಮನೆಯೊಳಗೆ, ಅದೂ ಮಹಡಿಯ ಮೇಲೆ, ಯಾರೋ ಬಂದು ಹೆಂಡತಿಯ ಹೂವಿಗೆ ನೀರು ಹಾಕಿ, ಮತ್ತೆ ಬೀಗ ಹಾಕಿಕೊಂಡು ಹೋಗಿದ್ದಾರೆ. ಕಳ್ಳರು ಬಂದರೆ ಏನನ್ನಾದರೂ ಒಯ್ಯುತ್ತಾರೆ. ಇವರ್‍ಯಾರು, ಕೊಟ್ಟು ಹೋಗುವವರು? ಒಳಗೆ ಬಂದು ಬೀರುವಿನ ಬಾಗಿಲು ಎಳೆದು ನೋಡಿದ, ಅಡುಗೆಮನೆಯ ಡಬ್ಬಿಗಳನ್ನು ನೋಡಿದ, ಹಾಸಿಗೆಯ ಮೇಲಿನ ಚಾದರದ ಸುಕ್ಕು ನೋಡಿದ. ಎಲ್ಲವೂ ಇದ್ದ ಹಾಗೇ ಇತ್ತು. ಅದೇ ಅವನಿಗೆ ಸರಿಬರಲಿಲ್ಲ.

ಅದೊಂದು ಕಾಡುಹೂವು. ಹೆಸರು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಲ್ಲ. ನೂಲಿನಂಥ ಕಾಂಡ, ಎಳ್ಳಿಗಿಂತ ಒಂದಿಷ್ಟು ದೊಡ್ಡ ಎಲೆ, ತುದಿಯಲ್ಲಿ ನೀಲಿ ಅನ್ನಬೇಕೋ ನೇರಳೆ ಅನ್ನಬೇಕೋ ತಿಳಿಯದ ಬಣ್ಣದ ಒಂದೆರಡು ಹೂವು. ಬೆಳಿಗ್ಗೆ ಬಿಚ್ಚಿಕೊಂಡದ್ದು ಬಿಸಿಲೇರುವ ಹೊತ್ತಿಗೆ ಮುದುಡಿ, ನಾನೇನೂ ಅರಳಿರಲೇ ಇಲ್ಲ ಅನ್ನುವಂತೆ ತಲೆ ತಗ್ಗಿಸಿಬಿಡುತ್ತಿತ್ತು. ಹತ್ತಿರ ಹೋಗಿ ಜೋರಾಗಿ ಉಸಿರು ಬಿಟ್ಟರೆ ಎಸಳು ಉದುರುತ್ತಿತ್ತು. ಹಿಡಿ ಮಣ್ಣೂ ಇಲ್ಲದ ಬಂಡೆಯ ಸೀಳಿನಲ್ಲಿ ಹುಟ್ಟಿದ್ದನ್ನು ಅವಳು ಬೇರುಸಮೇತ ತಂದು, ಇಟ್ಟಿಗೆಯ ಚೂರು, ಮರಳು, ನೆಪಕ್ಕೊಂದಿಷ್ಟು ಮಣ್ಣು ಬೆರೆಸಿ ಅಂಗೈಯಗಲದ ಕುಂಡದಲ್ಲಿ ನೆಟ್ಟಿದ್ದಳು. "ಗೊಬ್ಬರ ಗಿಬ್ಬರ ಹಾಕೋಕೆ ಹೋಗಬೇಡಿ. ಬಂಡೆ ಮೇಲೆ ಬೆಳೆದದ್ದು, ಹೆಚ್ಚು ತಿನ್ನಿಸಿದ್ರೆ ಕೊಳೆತುಹೋಗುತ್ತೆ." ಬ್ಯಾಗಿನ ಜಿಪ್ಪು ಎಳೆಯುತ್ತ ಹೇಳಿದ್ದಳು. ಇಷ್ಟು ವರ್ಷದ ಸಂಸಾರ ಬಿಟ್ಟು ತಂಗಿಯ ಮನೆಗೆ ಹೊರಟವಳ ಬಾಯಿಂದ ಕೊನೆಗೆ ಬಂದದ್ದು ಇದೊಂದು ಮಾತು. ತನ್ನ ಬೀಗದಕೈಯನ್ನು ಮೊಳೆಗೆ ನೇತುಹಾಕಿ ಹೋದಳು. ಅದು ಇವತ್ತಿಗೂ ಅಲ್ಲೇ ತೂಗುತ್ತಿದೆ. ಹೊಲಿಗೆಯಂತ್ರವನ್ನು ಆಟೋದಲ್ಲಿ ಹಾಕಿಸಿಕೊಂಡು ಹೋದಳು. ಹೂವನ್ನು ಮಾತ್ರ ಬಿಟ್ಟಳು. ಯಾಕೆ ಬಿಟ್ಟಳು? ಇದನ್ನು ಅವನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದ. ಬಿಟ್ಟುಹೋಗುವವಳು ಜೀವದ ಹಾಗೆ ನೋಡಿಕೊಂಡಿದ್ದನ್ನು ಬಿಟ್ಟುಹೋಗುತ್ತಾಳೆಯೆ? ಹೂವು ಬದುಕಿದ್ದರೆ ಅವಳು ಒಂದಲ್ಲ ಒಂದು ದಿನ ಬಂದೇ ಬರುತ್ತಾಳೆ. ಅದು ಸತ್ತುಹೋದರೆ ಬರುವುದಕ್ಕೆ ಈ ಮನೆಯಲ್ಲಿ ಇನ್ನೇನಿದೆ, ನಾನೊಬ್ಬ! ಹೀಗಂದುಕೊಂಡು ಅವನು ಲ್ಯಾಬಿನಿಂದ ಸೂಜಿಯಿಲ್ಲದ ಸಿರಿಂಜೊಂದನ್ನು ತಂದು, ಕಾಂಡಕ್ಕೆ ತಾಕದ ಹಾಗೆ, ಕುಂಡದ ಅಂಚಿನಲ್ಲಿ ಹನಿಹನಿಯಾಗಿ ನೀರು ಬಿಡುವುದನ್ನು ಕಲಿತಿದ್ದ. ಮದುವೆಯಾದಾಗಿನಿಂದ ಯಾರಿಗೂ ಇಷ್ಟು ನಿಧಾನವಾಗಿ ಏನನ್ನೂ ಕೊಟ್ಟವನಲ್ಲ.

ಆ ಹೂವು ಮನೆಯೊಳಗೆ ಕಾಲಿಟ್ಟದ್ದೇ ಜಗಳ ತೆಗೆದುಕೊಂಡು. ಅವಳು ಪರದೆ ಅಂಗಡಿಯಲ್ಲಿ ಹೊಲಿಯುವವಳು. ದೊಡ್ಡ ಮನೆಗಳಿಂದ ಕರೆ ಬಂದರೆ ಅಂಗಡಿಯ ವ್ಯಾನಿನಲ್ಲಿ ಹೋಗಿ ಕಿಟಕಿಗಳ ಅಳತೆ ತೆಗೆದುಕೊಂಡು ಬರುವುದೂ ಅವಳ ಕೆಲಸವೇ. ಕಂಡವರ ಮಲಗುವ ಕೋಣೆಯಲ್ಲಿ, ಕಿಟಕಿಗೆ ಟೇಪು ಹಿಡಿದು ಕೈ ಮೇಲೆತ್ತಿ ನಿಂತ ಹೆಂಡತಿಯನ್ನು ಅವನು ಎಷ್ಟು ಸಲ ಕಲ್ಪಿಸಿಕೊಂಡು ಹಲ್ಲು ಕಡಿದಿದ್ದನೋ. ಆ ಸಂಜೆ ಗುಡ್ಡದ ಮೇಲಿನ ಯಾವುದೋ ಹೊಸ ಮನೆಗೆ ಹೋಗಿದ್ದವಳು ಮುಖದ ತುಂಬ ಬಿಸಿಲು ಹೊತ್ತುಕೊಂಡು, ಎರಡೂ ಕೈಯಲ್ಲಿ ಹಕ್ಕಿಮರಿಯನ್ನು ಹಿಡಿದವಳ ಹಾಗೆ ಮೆಟ್ಟಿಲು ಹತ್ತಿ ಬಂದಳು. "ರೀ, ಇಲ್ನೋಡಿ, ಬಂಡೆ ಸಂದೀಲಿ ಹೇಗೆ ಬೆಳೆದಿತ್ತು ಅಂತೀರಿ!" ಅವನು ನೋಡಿದ್ದು ಹೂವನ್ನಲ್ಲ. ಬೇರಿಗೆ ಸುತ್ತಿದ್ದ ಒದ್ದೆ ಕರ್ಚೀಫನ್ನು. ಕಂದು ಚೌಕಳಿಯ, ಅಗಲವಾದ, ಗಂಡಸರ ಕರ್ಚೀಫು. "ಇದು ಯಾರದು?" "ಡ್ರೈವರಣ್ಣಂದು. ಬೇರು ಒಣಗಿಹೋಗುತ್ತೆ ಅಂತ ನೆನೆಸಿ ಕೊಟ್ರು." "ಅವನ ಜೇಬಿನ ಕರ್ಚೀಫು ನಿನ್ನ ಕೈಗೆ ಬರೋವಷ್ಟು ಆಯ್ತಾ?" ಮುಖದ ಬಿಸಿಲು ಇಳಿದುಹೋದದ್ದನ್ನು ಅವನು ಕಣ್ಣಾರೆ ಕಂಡ. ಕಂಡೂ ಬಿಡಲಿಲ್ಲ. ಇದರಲ್ಲಿ ನಗು ಬರುವಂಥದ್ದೇನೆಂದರೆ, ಆ ಡ್ರೈವರನಿಗೆ ಮೊಮ್ಮಕ್ಕಳಾಗಿದ್ದವು; ಮೇಲಿನ ದವಡೆಯಲ್ಲಿ ಒಂದು ಹಲ್ಲೂ ಇರಲಿಲ್ಲ; ಅವನ ಹಲ್ಲಿನ ಸೆಟ್ಟು ಮಾಡಿದ್ದು ಇದೇ ಲ್ಯಾಬಿನಲ್ಲಿ, ಇವನದೇ ಕೈ. ಆದರೆ ಅನುಮಾನಕ್ಕೆ ಬುದ್ಧಿ ಹೇಳುವವರು ಯಾರು? ಆ ಮುದುಕ ನಗುವುದೂ ನನ್ನ ಹಲ್ಲಿನಿಂದಲೇ ಅಲ್ಲವೆ ಎಂದು ಹೊಳೆದು ಅವನಿಗೆ ಇನ್ನಷ್ಟು ಉರಿದುಹೋಗಿತ್ತು. ಅವಳು ಕರ್ಚೀಫನ್ನು ಬಿಚ್ಚಿ, ಒಗೆದು, ಹಗ್ಗದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಒಣಹಾಕಿದಳು.

ಮನೆಯ ಇನ್ನೊಂದು ಬೀಗದಕೈ ಇರುವುದು ಕೆಳಗಿನ ಮನೆಯಾಕೆಯ ಹತ್ತಿರ. ಮನೆ ಆಕೆಯದು, ಮಹಡಿ ಬಾಡಿಗೆಗೆ ಇವರದು. ನೀರಿನ ಪೈಪು ಒಡೆದರೆ ಗಿಡೆದರೆ ಬೇಕಾಗುತ್ತದೆಂದು ಮೊದಲಿನಿಂದಲೂ ಒಂದು ಬೀಗದಕೈ ಅಲ್ಲಿರುತ್ತಿತ್ತು. ಮಾರನೆಯ ಬೆಳಿಗ್ಗೆ ಮೆಟ್ಟಿಲಿಳಿದು ಹೋಗಿ, ಸುಮ್ಮನೆ ಕೇಳಿದವನ ಹಾಗೆ, "ಅಮ್ಮಾ, ನಾನಿಲ್ಲದಾಗ ಮೇಲೆ ಯಾರಾದ್ರೂ ಹೋಗಿದ್ರಾ?" ಎಂದ. ಆಕೆ ಬಕೆಟ್ಟಿನಲ್ಲಿ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದರು. ಹಿಂಡಿದ್ದನ್ನೇ ಮತ್ತೆ ಹಿಂಡಿದರು. "ಯಾರು ಹೋಗ್ತಾರಪ್ಪಾ? ಅಲ್ಲೇನಿದೆ ಹೋಗೋಕೆ?" "ಕುಂಡಕ್ಕೆ ಯಾರೋ ನೀರು ಹಾಕ್ತಿದ್ದಾರೆ." "ಹಾಕಿದ್ರೆ ಒಳ್ಳೇದೇ ಆಯ್ತಲ್ಲ! ನೀರು ಹಾಕಿದೋರ ಮೇಲೂ ಕಂಪ್ಲೇಂಟು ಕೊಡ್ತೀಯಾ ನೀನು?" ಎಂದು ನಕ್ಕರು. ಆ ನಗು ಅವನಿಗೆ ಹಿಡಿಸಲಿಲ್ಲ. ನಗುವಾಗ ಆಕೆಯ ಕಣ್ಣು ಒಮ್ಮೆ ಗೋಡೆಯ ಗೂಡಿನ ಕಡೆಗೆ ಹೋಯಿತು. ಬೀಗದಕೈ ಇರುವ ಜಾಗ ಅದು. "ನನ್ನ ಮನೆಗೆ ನನ್ನ ಕೇಳದೆ ಯಾರೂ ಬರಕೂಡದು," ಎಂದ, ಬೇಕಾದ್ದಕ್ಕಿಂತ ಗಟ್ಟಿಯಾಗಿ. "ನಿನ್ನ ಮನೆಗೆ ಕೇಳಿಕೊಂಡು ಬರೋರಾದ್ರೂ ಯಾರಿದ್ದಾರೆ ಈಗ?" ಎಂದು ಆಕೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು. ದಾರಿಯುದ್ದಕ್ಕೂ ಆ ಮಾತು ಕಾಲಿಗೆ ಮುಳ್ಳು ಹೊಕ್ಕ ಹಾಗೆ ಚುಚ್ಚುತ್ತಿತ್ತು. ಈಕೆಯೇ ಇರಬೇಕು. ಹೂವನ್ನು ಕೊಳೆಸಿ, ಹೆಂಡತಿಗೆ ಇವನ ಮೇಲೆ ಇನ್ನೂ ಸಿಟ್ಟು ಬರಲಿ ಅಂತ; ಇಬ್ಬರನ್ನೂ ಖಾಲಿ ಮಾಡಿಸಿ ಬೇರೆಯವರಿಗೆ ಬಾಡಿಗೆಗೆ ಕೊಡಬಹುದು ಅಂತ. ಇಲ್ಲವೆ ಆಕೆಯ ತಮ್ಮ, ಆ ಮೀಸೆಯವನು, ಮೇಲೆ ಬಂದು ಮಲಗಿ ಹೋಗುತ್ತಿರಬಹುದು. ಮಲಗಿ ಎದ್ದವನು ಹೂವಿಗೆ ಯಾಕೆ ನೀರು ಹಾಕುತ್ತಾನೆ ಎಂಬ ಪ್ರಶ್ನೆಗೆ ಮಾತ್ರ ಬಸ್ಸು ಇಳಿಯುವವರೆಗೂ ಉತ್ತರ ಹೊಳೆಯಲಿಲ್ಲ.

ಅವಳೇ ಇರಬಹುದು ಎಂಬ ಯೋಚನೆ ಬಂದಿರಲಿಲ್ಲವೆಂದಲ್ಲ. ಮೊದಲ ದಿನವೇ ಬಂದಿತ್ತು. ಆದರೆ ಅದು ಯೋಚನೆಯಂತಿರದೆ ಆಸೆಯಂತಿತ್ತು. ಆದ್ದರಿಂದ ಅವನು ಅದನ್ನು ನಂಬಲಿಲ್ಲ.

ಲ್ಯಾಬಿನಲ್ಲಿ ಆ ದಿನ ಅವನು ಜೋಡಿಸಿದ ಹಲ್ಲಿನ ಸಾಲು ಕೂದಲೆಳೆಯಷ್ಟು ಬಲಕ್ಕೆ ವಾಲಿತು. ಎದುರಿನ ಮೇಜಿನಲ್ಲಿ ಮೇಣದ ಕೆಲಸ ಮಾಡುವವನು, ಮೇಣದವನೆಂದೇ ಎಲ್ಲರೂ ಕರೆಯುವ ಹರಟೆಮಲ್ಲ, ಅಚ್ಚನ್ನು ಕಣ್ಣಿನ ಎತ್ತರಕ್ಕೆ ಹಿಡಿದು ನೋಡಿ, "ಗುರುವೇ, ಇದನ್ನ ಹಾಕಿಕೊಂಡವರು ಪಕ್ಕದ ಮನೆಯೋರನ್ನ ನೋಡಿಯೇ ನಗಬೇಕು," ಎಂದ. ಅವನು ನಗಲಿಲ್ಲ. "ಒಂದು ಮಾತು ಕೇಳ್ತೀನಿ. ಬೀಗ ಹಾಕಿದ ಮನೆಗೆ ಯಾರೋ ಬಂದು ಹೋಗ್ತಾರೆ ಅಂದ್ಕೋ. ಯಾರು ಅಂತ ಹೇಗೆ ಹಿಡಿಯೋದು?" ಮೇಣದವನು ದೀಪದ ಉರಿಯ ಮೇಲೆ ಅಲಗು ಕಾಯಿಸುತ್ತ, "ಏನು ಹೋಗಿದೆ?" ಎಂದ. "ಏನೂ ಹೋಗಿಲ್ಲ." "ಹಾಗಾದ್ರೆ ಯಾಕೆ ಹಿಡೀತೀಯ, ಬಿಡು! ನನ್ನ ಮನೆಗೂ ಕಳಿಸು, ಪಾತ್ರೆ ತೊಳೆಯೋದು ಬಾಕಿ ಇದೆ." ಲ್ಯಾಬಿನವರೆಲ್ಲ ನಕ್ಕರು. ಅವರ ನಗುವಿನಲ್ಲಿ ಹೆಂಡತಿ ಹೋದ ಸುದ್ದಿ ಇದ್ದೇ ಇತ್ತೆಂದು ಅವನಿಗೆ ಖಾತ್ರಿಯಾಯಿತು. ಅವರಿಗೆ ಹೇಳಿದವರು ಯಾರು? ತಾನಂತೂ ಅವಳ ತಂಗಿಗೆ ಹುಷಾರಿಲ್ಲ ಎಂದಷ್ಟೇ ಹೇಳಿದ್ದ. ಸಂಜೆ ಹೊರಡುವಾಗ ಅವನು ಊಟದ ಡಬ್ಬಿಯೊಳಗೆ ಒಂದಿಷ್ಟು ಪ್ಲಾಸ್ಟರ್ ಪುಡಿ ತುಂಬಿಕೊಂಡ. ಮರುದಿನ ಬೆಳಿಗ್ಗೆ ಮನೆ ಬಿಡುವಾಗ ಬಾಲ್ಕನಿಯ ಹೊಸ್ತಿಲ ಮೇಲೆ ಕಂಡೂ ಕಾಣದ ಹಾಗೆ ಉದುರಿಸಿದ. ಹೆಜ್ಜೆ ಬಿದ್ದರೆ ಗುರುತು ಸಿಗಲೇಬೇಕು. ಸಂಜೆ ಬಂದು ನೋಡಿದರೆ ಹೊಸ್ತಿಲು ಲಕಲಕ ಹೊಳೆಯುತ್ತಿತ್ತು. ಬಂದವರು ಗುಡಿಸಿ, ಒರೆಸಿ ಹೋಗಿದ್ದರು. ಅವನು ಆ ಹೊಸ್ತಿಲ ಮೇಲೆಯೇ ತಲೆಗೆ ಕೈ ಹೊತ್ತು ಕೂತುಬಿಟ್ಟ.

ಕೂತಾಗಲೇ ಕಂಡಿತು. ಕಾಂಡದ ಪಕ್ಕದಲ್ಲಿ, ಒದ್ದೆ ಮಣ್ಣಿನಲ್ಲಿ ಒಂದು ತೂತು. ಯಾರೋ ಬೆರಳು ಊರಿ ತೇವ ಎಷ್ಟಿದೆಯೆಂದು ನೋಡಿದ್ದಾರೆ. ಬೆರಳು ತೆಗೆದ ಮೇಲೆ ಮುಚ್ಚದೆ ಹೋಗಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಅದರೊಳಗೆ ಇಣುಕಿ ನೋಡಿ ಸುಮ್ಮನಾಗುತ್ತಿದ್ದರು. ಅವನಿಗೆ ಅದು ತೂತಾಗಿ ಕಾಣಲೇ ಇಲ್ಲ. ಅದು ಅಳತೆ. ಜನ ಬಾಯಿ ಬಿಟ್ಟು ಕಚ್ಚಿ ಕೊಟ್ಟ ಅಳತೆಯೊಳಗೆ ಪ್ಲಾಸ್ಟರ್ ಹೊಯ್ದು, ಮುಖವನ್ನೇ ನೋಡದವರ ದವಡೆಯನ್ನು ಎತ್ತಿ ಮೇಜಿನ ಮೇಲಿಡುವುದು ಅವನ ದಿನದ ಕೆಲಸ. ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನು ಲೋಟಕ್ಕೆ ಸುರಿದು ತೆಳ್ಳಗೆ ಕಲಸಿದ. ಮೊದಲು ಸಾಬೂನು ನೀರು. ಅಚ್ಚು ಅಂಟಿಕೊಳ್ಳದೆ ಬಿಟ್ಟು ಬರಬೇಕಾದರೆ ಅದನ್ನು ಹಚ್ಚಲೇಬೇಕು. ತೂತಿನೊಳಗೆ ಸಿರಿಂಜಿನಿಂದ ಸಾಬೂನು ನೀರು ಬಿಟ್ಟ, ಅದು ಇಂಗಿತು, ಇನ್ನಷ್ಟು ಬಿಟ್ಟ. ಆಮೇಲೆ ಪ್ಲಾಸ್ಟರನ್ನು ಗೆರೆಯಂತೆ ಇಳಿಸಿ, ಗಾಳಿಗುಳ್ಳೆ ಉಳಿಯದಿರಲೆಂದು ಕುಂಡದ ಅಂಚನ್ನು ಬೆರಳಿನಿಂದ ಟಕಟಕ ತಟ್ಟಿದ. ಒಂದು ಎಸಳು ಉದುರಿತು. ಅದು ಅವನ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಕೈ ಹುಷಾರು ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹೇಳಿಕೊಡುವವನೇ ಅವನು. ಆ ಬಿಸಿ ಕುಂಡದ ಗೋಡೆ ದಾಟಿ ಅಂಗೈಗೆ ತಾಕಿದಾಗ ಅವನಿಗೆ ಅನಿಸಿದ್ದು ಒಂದೇ: ಪರವಾಗಿಲ್ಲ, ಚೆನ್ನಾಗಿ ಹಿಡಿಯುತ್ತಿದೆ.

ಮೆಲ್ಲಗೆ ಅಲುಗಿಸಿ ಎತ್ತಿದಾಗ ಮರಳಿನ ಕಾಳುಗಳು ಮೆತ್ತಿಕೊಂಡ ಬಿಳೀ ಬೆರಳೊಂದು ಕೈಗೆ ಬಂತು. ತೋರುಬೆರಳು. ಗೆಣ್ಣಿನಿಂದ ಮೇಲೆ ಸ್ವಲ್ಪ ಹೊರಗೆ ಬಾಗಿದೆ. ತುದಿ ದುಂಡಗಿಲ್ಲ, ಚಪ್ಪಟೆ. ಬಟ್ಟೆಯನ್ನು ಸೂಜಿಯ ಕಡೆಗೆ ಒತ್ತಿ ಒತ್ತಿ ವರ್ಷಾನುಗಟ್ಟಲೆ ದುಡಿದರೆ ಮಾತ್ರ ಬೆರಳಿನ ತುದಿ ಹಾಗಾಗುತ್ತದೆ. ಅವನು ಅದನ್ನು ಬೆಳಕಿಗೆ ಹಿಡಿದ. ಜ್ವರ ಬಂದಾಗ ಈ ಬೆರಳು ಅವನ ರೆಪ್ಪೆಯ ಮೇಲೆ ಆಡಿತ್ತು. ಜಗಳದಲ್ಲಿ ಈ ಬೆರಳು ಅವನ ಮುಖದ ಮುಂದೆ ನಡುಗುತ್ತ ನಿಂತಿತ್ತು, ಹೇಳಬೇಕಾದ್ದು ಬಾಯಿಗೆ ಬರದೆ. ಅವಳು ಬರುತ್ತಿದ್ದಾಳೆ! ದಿನವೂ, ಅವನು ಲ್ಯಾಬಿನಲ್ಲಿ ಯಾರದೋ ಹಲ್ಲು ತಿಕ್ಕಿ ಹೊಳಪು ಕೊಡುತ್ತಿರುವಾಗ, ಅವಳು ಈ ಮನೆಯಲ್ಲಿ ನಡೆದಾಡುತ್ತಿದ್ದಾಳೆ, ಹೊಸ್ತಿಲು ಒರೆಸುತ್ತಿದ್ದಾಳೆ. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಬೆರಳನ್ನು ತುಟಿಗೆ ಒತ್ತಿಕೊಂಡ. ಬಾಯಿಗೆ ಮರಳು ಹತ್ತಿತು. ಉಗುಳುವಷ್ಟರಲ್ಲೇ ಇನ್ನೊಂದು ಯೋಚನೆ ತಲೆಯೆತ್ತಿತು. ಯಾಕೆ ಬರುತ್ತಿದ್ದಾಳೆ? ಬಂದವಳು ಚೀಟಿಯನ್ನಾದರೂ ಯಾಕೆ ಇಟ್ಟು ಹೋಗಲಿಲ್ಲ? ತಾನಿಲ್ಲದ ಹೊತ್ತನ್ನೇ ನೋಡಿ ಬರುವವಳು, ಒಬ್ಬಳೇ ಬರುತ್ತಾಳೆಂದು ಏನು ಗ್ಯಾರಂಟಿ? ಅಂಗಡಿಯ ವ್ಯಾನು ಈ ಕಡೆ ಬಂದಾಗ ಬರುತ್ತಾಳೋ? ಹೊಸ್ತಿಲು ಒರೆಸಿದ್ದು ಶುಚಿಗೋ, ಎರಡನೆಯ ಜೊತೆ ಹೆಜ್ಜೆ ಅಳಿಸುವುದಕ್ಕೋ? ಅರೆಗಳಿಗೆಯ ಹಿಂದೆ ತಾನು ಸಂತೋಷಪಟ್ಟದ್ದೇ ಪೆದ್ದುತನವಾಗಿ ಕಂಡಿತು.

ಫೋನು ಮೇಜಿನ ಮೇಲೆಯೇ ಇತ್ತು. ತೆಗೆದು ಅವಳ ಹೆಸರಿನವರೆಗೆ ಹೋಗಿ, ಒತ್ತದೆ ಇಟ್ಟ. ಕೇಳಿದರೆ ಅವಳು ಏನು ಬೇಕಾದರೂ ಹೇಳಬಹುದು. ಕೇಳದೆ ನೋಡಿದರೆ ನಿಜ ಗೊತ್ತಾಗುತ್ತದೆ.

ಬೆಳಿಗ್ಗೆ ಹೂವು ಬಿಚ್ಚಿಕೊಳ್ಳಲಿಲ್ಲ. ಕಾಂಡ ಕುಂಡದ ಅಂಚಿಗೆ ಒರಗಿತ್ತು. ಎಲೆಗಳು ಬಿಸಿನೀರು ಬಿದ್ದ ಹಾಗೆ ಕಳೆಗುಂದಿದ್ದವು. ತೂತಿನ ಸುತ್ತ ಬಿಳಿಯ ಹೊಪ್ಪಳಿಕೆ ಕಟ್ಟಿ, ಮಣ್ಣಿನ ಮೇಲೆ ಸಾಬೂನಿನ ನೊರೆ ಒಣಗಿ ನಿಂತಿತ್ತು. ಅಯ್ಯೋ, ಏನು ಮಾಡಿಬಿಟ್ಟೆ! ಎಂದು ಅವನು ನಿಜವಾಗಿಯೂ ಬಾಯಿಬಿಟ್ಟು ಹೇಳಿದ. ಸಿರಿಂಜಿನಿಂದ ನೀರು ಬಿಟ್ಟು ತೊಳೆಯಲು ನೋಡಿದ. ತಳದಿಂದ ಹಾಲಿನಂಥ ನೀರು ಇಳಿಯಿತು. ಕಡ್ಡಿಯೊಂದನ್ನು ಆಸರೆಗೆ ನೆಟ್ಟ. ಕಾಂಡ ಅದಕ್ಕೂ ಒರಗಲಿಲ್ಲ. ಅವಳು ಬಂದು ಇದನ್ನು ಕಂಡರೆ ಮುಗಿಯಿತು. ಕಾಣುವ ಮೊದಲೇ ಫೋನು ಮಾಡಿ, ಹೀಗೆ ಹೀಗಾಯಿತು, ತಪ್ಪಾಯಿತು ಅಂದರೆ? ಅನ್ನಬೇಕೆಂದುಕೊಂಡವನು ಲ್ಯಾಬಿಗೆ ಫೋನು ಮಾಡಿ ಹೊಟ್ಟೆನೋವು ಎಂದು ರಜೆ ಹೇಳಿದ. ಕೆಳಗಿನ ಮನೆಯಾಕೆ ನೋಡಲೆಂದು ಬೀಗ ಹಾಕಿಕೊಂಡು ಮೆಟ್ಟಿಲು ಇಳಿದು ಬೀದಿಗೆ ಹೋಗಿ, ಆಕೆ ಒಳಗೆ ಹೋದ ಮೇಲೆ ಬೆಕ್ಕಿನ ಹಾಗೆ ಮೇಲೆ ಬಂದು, ಚಪ್ಪಲಿಯನ್ನು ಒಳಗೆ ತೆಗೆದಿಟ್ಟು, ಒಳಗಿನಿಂದ ಬೀಗ ಎಳೆದುಕೊಂಡು, ಮಲಗುವ ಕೋಣೆಯ ಬಾಗಿಲ ಹಿಂದೆ ನಿಂತ. ತನ್ನ ಮನೆಯಲ್ಲಿ ತಾನೇ ಕಳ್ಳನಾಗಿ ನಿಲ್ಲುವುದು ಅವನಿಗೆ ಹೊಸದೂ ಆಗಿರಲಿಲ್ಲ, ನಾಚಿಕೆಯೂ ಆಗಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೆ.

ಬೀಗ ತಿರುಗಿದ ಸದ್ದು. ಒಂದೇ ಜೊತೆ ಚಪ್ಪಲಿ. ಅವನು ಬಾಗಿಲ ಸಂದಿಗೆ ಕಿವಿ ಕೊಟ್ಟು ಎರಡನೆಯ ಜೊತೆಗೆ ಕಾದ, ಬರಲಿಲ್ಲ. ಅವಳು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ಚೊಂಬಿಗೆ ನೀರು ಹಿಡಿದಳು. ಹೋಗುತ್ತ ಹೋಗುತ್ತ ಕುರ್ಚಿಯ ಮೇಲೆ ಬಿದ್ದಿದ್ದ ಅವನ ಅಂಗಿಯನ್ನು ಎತ್ತಿ ಕೊಡವಿ ಮಡಿಸಿ ಇಟ್ಟದ್ದು ಸಂದಿಯಿಂದ ಕಂಡಿತು. ಬಾಲ್ಕನಿಯ ಬಾಗಿಲು ತೆರೆಯಿತು. ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತಾದರೂ ನೀರು ಸುರಿದ ಸದ್ದು ಬರಲಿಲ್ಲ.

"ಹೊರಗೆ ಬನ್ನಿ," ಎಂದಳು. ಬಾಲ್ಕನಿಯಿಂದಲೇ, ತಿರುಗದೆ. ಅವನು ಉಸಿರು ಬಿಗಿಹಿಡಿದ. "ಬನ್ನಿ ಅಂದೆ. ಬಾಗಿಲ ಹಿಂದೆ ನಿಂತಾಗ ನಿಮ್ಮ ಉಸಿರು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ?"

ಅವನು ಬಂದು ನಿಂತ. ಅವಳು ತೆಳ್ಳಗಾಗಿದ್ದಳು. ಕುಂಡ ಅವಳ ತೊಡೆಯ ಮೇಲಿತ್ತು. "ಏನು ಹಾಕಿದ್ರಿ ಇದಕ್ಕೆ?"

"ಪ್ಲಾಸ್ಟರ್."

"ಪ್ಲಾಸ್ಟರ್! ಯಾಕೆ?"

"ಯಾರು ಬರ್ತಾರೆ ಅಂತ... ಬೆರಳಿನ ಅಚ್ಚು ತೆಗೆದೆ."

ಅವಳು ಕೈ ಚಾಚಿದಳು. ಅವನು ಜೇಬಿನಿಂದ ಬೆರಳನ್ನು ತೆಗೆದು ಕೊಟ್ಟ. ಅವಳು ಅದನ್ನು ತನ್ನ ತೋರುಬೆರಳಿನ ಪಕ್ಕಕ್ಕೆ ಹಿಡಿದು, ಮಗ್ಗುಲು ಬದಲಿಸಿ ಬದಲಿಸಿ ನೋಡಿದಳು. "ಚೆನ್ನಾಗೇ ಬಂದಿದೆ," ಎಂದಳು. ಡಾಕ್ಟರುಗಳು ಅವನ ಸೆಟ್ಟನ್ನು ಹೊಗಳುವಾಗಿನ ದನಿಯೇ ಅದು. ಆದರೆ ಅವನಿಗೆ ತಲೆ ಎತ್ತಲಾಗಲಿಲ್ಲ. "ಮೊದಮೊದಲು ತೂತು ಮುಚ್ಚಿಯೇ ಹೋಗ್ತಿದ್ದೆ. ಆಮೇಲೆ ಬೇಕು ಅಂತಲೇ ಬಿಟ್ಟೆ. ನೋಡ್ತಾರೆ, ಗೊತ್ತಾಗುತ್ತೆ, ನೀನು ಬರ್ತಿದ್ದೀಯೇನೇ ಅಂತ ಒಂದು ಫೋನ್ ಮಾಡ್ತಾರೆ ಅಂತ. ಮಾಡಿದ್ರೆ ಆವತ್ತೇ ಬಂದುಬಿಡ್ತಿದ್ದೆ ಕಣ್ರೀ. ನನಗೂ ಸಾಕಾಗಿತ್ತು." ಅವಳ ದನಿ ಒಡೆಯಿತು. "ಕೇಳಿದ್ರೆ ಆಗ್ತಿತ್ತು. ನೀವು ಅಳತೆ ತೆಗೆದ್ರಿ."

ಅವನು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕುಸಿದು ಕೂತ. ಆಗ ಅವನ ಬಾಯಿಂದ ಬಂದದ್ದು ಅವನೇ ಯೋಚಿಸಿಟ್ಟುಕೊಂಡಿದ್ದ ಮಾತಲ್ಲ. "ನೀನಿಲ್ಲದೆ ಆಗ್ತಿಲ್ಲ ಕಣೇ. ಮನೆಗೆ ಬರೋಕೆ ಭಯ ಆಗುತ್ತೆ. ತಪ್ಪಾಯ್ತು, ಎಲ್ಲಾ ತಪ್ಪಾಯ್ತು. ಬಂದುಬಿಡು." ಅಳು ಬಂತು, ಬಂದದ್ದನ್ನು ತಡೆಯಲಿಲ್ಲ. ಅವಳು ಕುಂಡವನ್ನು ಬೋರಲು ಮಾಡಿ, ಗಿಡವನ್ನು ಮಣ್ಣಿನಿಂದ ಬಿಡಿಸಿ, ಬೇರನ್ನು ಚೊಂಬಿನ ನೀರಿನಲ್ಲಿ ಅದ್ದಿ ಅದ್ದಿ ತೊಳೆದಳು. ಒಂದು ಪಕ್ಕದ ಬೇರು ಸುಟ್ಟಂತೆ ಕಂದಿತ್ತು. ಇನ್ನೊಂದು ಪಕ್ಕದಲ್ಲಿ ಕೂದಲಿನಷ್ಟು ತೆಳುವಾದ ಒಂದೆರಡು ಎಳೆ ಹಸಿಯಾಗಿದ್ದವು. ಅದನ್ನು ಮೂಲೆಯಲ್ಲಿದ್ದ ಹಳೇ ಮರಳಿನಲ್ಲಿ ಮತ್ತೆ ಊರಿ, ಬೆರಳಿನಿಂದ ಸುತ್ತಲೂ ಒತ್ತಿದಳು. "ಬದುಕುತ್ತಾ?" ಎಂದ. "ನನಗೇನು ಗೊತ್ತು? ಸುಮ್ನೆ ಬಿಡಬೇಕು. ದಿನಾ ಕೆದಕಿ ನೋಡಬಾರದು."

ಕೈ ತೊಳೆದುಕೊಂಡು ಬಂದು ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಅಷ್ಟರಲ್ಲಿ ಅವನು ಒಳಗೆ ಬಂದು ಕುರ್ಚಿಯಲ್ಲಿ ಕೂತಿದ್ದ. "ನಾಳೆ ಯಂತ್ರ ತಗೊಂಡು ಬರ್ತೀನಿ," ಎಂದಳು. ಅವನಿಗೆ ಕಿವಿಯನ್ನು ನಂಬಲಾಗಲಿಲ್ಲ. "ಆದ್ರೆ ಒಂದು. ಈಗ ನಾನು ಇಳಿದು ಹೋಗ್ತೀನಿ. ನೀವು ಈ ಕುರ್ಚಿಯಿಂದ ಏಳಬಾರದು. ಕಿಟಕಿ ಹತ್ರ ಬರಬಾರದು. ಯಾವ ಕಡೆ ತಿರುಗ್ತೀನಿ, ಯಾರು ಕಾಯ್ತಿದ್ದಾರೆ, ಏನೂ ನೋಡಬಾರದು. ಜನ್ಮವಿಡೀ ಬೇಡ, ಇವತ್ತೊಂದು ಸಲ. ಆಗುತ್ತಾ?"

"ಅಷ್ಟೇನಾ!" ಅವನಿಗೆ ನಗುವೇ ಬಂತು. ಇಷ್ಟು ಸುಲಭದಲ್ಲಿ ಮುಗಿಯುತ್ತದೆಂದು ಅವನು ಅಂದುಕೊಂಡಿರಲಿಲ್ಲ. "ನಿನ್ನಾಣೆ, ಏಳಲ್ಲ." ಅವಳು ಅವನ ತಲೆಯ ಮೇಲೆ ಕೈಯಿಟ್ಟು, ಕೂದಲನ್ನು ಒಮ್ಮೆ ಹಿಂದಕ್ಕೆ ಸವರಿ ಹೋದಳು.

ಅವನು ಕುರ್ಚಿಯಲ್ಲೇ ಕೂತಿದ್ದ. ತಲೆಯ ಮೇಲೆ ಅವಳ ಅಂಗೈಯ ತಂಪು ಇನ್ನೂ ಇತ್ತು. ನಾಳೆ ಈ ಹೊತ್ತಿಗೆ ಇದೇ ಕೋಣೆಯಲ್ಲಿ ಯಂತ್ರದ ಕಟಕಟ ಕೇಳಿಸುತ್ತದೆ. ನಾಳೆ ಬರುವಾಗ ದಾರಿಯಲ್ಲಿ ಏನಾದರೂ ಕೊಂಡು ತರಬೇಕು. ಅವಳ ತಂಗಿಗೂ ಒಂದು ಫೋನು ಮಾಡಿ ಚೆನ್ನಾಗಿ ಮಾತಾಡಬೇಕು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿಯಿತು, ಕೆಳಗಿನ ಮನೆಯ ಮುಂದೆ ದಾಟಿತು, ಅಂಗಳದ ಕಲ್ಲುಚಪ್ಪಡಿಯ ಮೇಲೆ ಬಂತು. ಇನ್ನು ಗೇಟು. ಆ ಗೇಟು ತೆರೆದರೆ ಬೀದಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತದೆ. ಅವನು ಅದಕ್ಕಾಗಿ ಕಾದ. ಕಿರುಗುಟ್ಟಲಿಲ್ಲ. ಕೆಳಗಿನ ಮನೆಯಾಕೆಗೆ ಬೀಗದಕೈ ಕೊಡುತ್ತಿರಬಹುದು. ಕೊಟ್ಟಿದ್ದರೆ ಮಾತು ಕೇಳಬೇಕಿತ್ತು. ಆಕೆ ಮೆಲ್ಲಗೆ ಮಾತಾಡುವವರೇ ಅಲ್ಲ. ಹಾಗಾದರೆ ಅಂಗಳದಲ್ಲಿ ನಿಂತು ಏನು ಮಾಡುತ್ತಿದ್ದಾಳೆ? ಯಾರು ಕಾಯ್ತಿದ್ದಾರೆ ಅಂತ ನೋಡಬಾರದು ಅಂದಳಲ್ಲ, ಯಾಕಂದಳು? ಯಾರೂ ಕಾಯುತ್ತಿಲ್ಲದಿದ್ದರೆ ಆ ಮಾತು ಬಾಯಿಗೆ ಯಾಕೆ ಬರಬೇಕು? ಅವನು ಕುರ್ಚಿಯ ಕೈಗಳನ್ನು ಬಲವಾಗಿ ಹಿಡಿದುಕೊಂಡ. ಏಳುವುದಿಲ್ಲ. ಆಣೆ ಮಾಡಿದ್ದೇನೆ. ಬೇಕಾದ್ದು ಆಗಲಿ, ಏಳುವುದಿಲ್ಲ. ಅವಳಿಗೇನಾದರೂ ತಲೆ ತಿರುಗಿ ಬಿದ್ದಿದ್ದರೆ? ತೆಳ್ಳಗಾಗಿದ್ದಳು, ಏನಾದರೂ ತಿಂದಿದ್ದಳೋ ಇಲ್ಲವೋ. ಇದನ್ನು ಅನುಮಾನ ಅನ್ನಲಾಗುತ್ತದೆಯೆ? ಇದು ಕಾಳಜಿ. ಪರದೆಯ ಒಂದು ಅಂಚನ್ನು, ಬೆರಳಿನಗಲದಷ್ಟು, ಒಂದೇ ಒಂದು ಕ್ಷಣ ಸರಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಅವಳು ಅಂಗಳದ ನಡುವೆ ನಿಂತಿದ್ದಳು. ಒಬ್ಬಳೇ. ಬ್ಯಾಗು ಹೆಗಲಲ್ಲಿತ್ತು, ತಲೆ ಮೇಲೆತ್ತಿತ್ತು. ಕಿಟಕಿಯನ್ನೇ ನೋಡುತ್ತಿದ್ದಳು.

ಅವನ ಕೈಯಲ್ಲಿ ಪರದೆಯ ಅಂಚು ಹಾಗೇ ಉಳಿಯಿತು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಅಂಗಡಿಯವನು ಸಾಮಾನು ಮುಗಿದಿದೆ ಅಂದಾಗ ಜನ ಹೂಂಗುಟ್ಟುವ ಹಾಗೆ ಒಮ್ಮೆ ತಲೆಯಾಡಿಸಿದಳು. ಆಮೇಲೆ ತಿರುಗಿ ನಡೆದಳು. ಈಗ ಗೇಟು ಕಿರುಗುಟ್ಟಿತು.